ಗೌಜಲ ಹಕ್ಕಿಗೆಂದು ಉಳಿಸಿದ ಮರಗಳು

ಅವ್ವ,

ಓದಲು ನೀನಿಲ್ಲ, ಆದರೂ ಹೇಳಬೇಕೆನಿಸಿತು. ಗುಡ್ಡದ ಹೊಲದ ನೀಲಗಿರಿ ಇವತ್ತು ಕಡಿಸಿದೆ. ನೀನು ತೀರಿಕೊಂಡ ಮೇಲೆ ರಾಗಿ ಬಿತ್ತುವುದು ಬಿಟ್ಟು ನೆಡಿಸಿದ್ದು, ಬೇಗನೇ ಬೆಳೆದವು.

ಕುಯ್ಲಿನಲ್ಲಿ ನೆಲದ ಮೇಲೆ ಗೌಜಲ ಹಕ್ಕಿಯ ಗೂಡು ಸಿಕ್ಕರೆ ನೀನು ಅದರ ಸುತ್ತ ಒಂದು ಮಾರು ರಾಗಿ ಕೊಯ್ಯದೆ ಬಿಡುತ್ತಿದ್ದೆಯಲ್ಲ. ಅದೇ ಅಭ್ಯಾಸದಲ್ಲಿ ಮರ ಕಡಿಯುವ ಕರಿಬಸಯ್ಯನಿಗೂ ಹೇಳಿದೆ: "ಗೂಡು ಕಂಡ್ರೆ ಸುತ್ತ ಬುಡಪ್ಪ."

"ಇದರಡೀಲಿ ಹುಲ್ಲೇ ಹುಟ್ಟಲ್ಲ ಕಣಕ್ಕ, ಗೌಜಲು ಎಲ್ಲಿಂದ ಬತ್ತೈತೆ?" ಎಂದ.

ಆದರೂ ನನ್ನ ಮಾತಿಗೆ ಮೂಲೆಯಲ್ಲಿ ನಾಲ್ಕು ಮರ ಉಳಿಸಿದ್ದ. ಸಂಜೆ ಹೋಗಿ, ಬಗ್ಗಿ ನೋಡಿದೆ. ತರಗೆಲೆ ಬಿಟ್ಟರೆ ಏನೂ ಇರಲಿಲ್ಲ.

"ನಾಳೆ ಇವನ್ನೂ ಕಡ್ದುಬುಡು" ಎಂದೆ.