ಗಿಡ್ಡವಾದ ಎಡತೋಳು

ವಕೀಲರಮ್ಮನವರಿಗೆ ನಮಸ್ಕಾರ.

ನಿಮ್ಮ ಕಂಕುಳಲ್ಲಿ ಚುಚ್ಚಿದ್ದು ಈ ಕಾಗದವೇ. ಕೋಟಿನ ಅಸ್ತರಿನೊಳಗಿಟ್ಟು ನಾನೇ ಹೊಲಿದೆ. ಎಡತೋಳು ಗಿಡ್ಡ ಮಾಡಿದ್ದೂ ಬೇಕೆಂದೇ, ನೀವು ಮತ್ತೆ ಅಂಗಡಿಗೆ ಬರಲು ನೆಪ ಬೇಕಲ್ಲ.

ಬೇರೆ ಕಡೆ ಕೆಲಸ ಸಿಕ್ಕಿದೆ ಎಂದಿದ್ದಕ್ಕೆ ಅಂಗಡಿಯ ಯಜಮಾನರು ನನ್ನನ್ನು ಒಳಗಿನ ಹೊಲಿಗೆಕೋಣೆಯಲ್ಲಿ ಕೂಡಿಹಾಕಿದ್ದಾರೆ. ಊಟ ಕೊಡುವಾಗ ಮಾತ್ರ ಬೀಗ ತೆಗೆಯುತ್ತಾರೆ. ಕೂಗೋಣವೆಂದರೆ, "ಉಸಿರೆತ್ತಿದ್ಯೋ, ನಿನ್ ತಂಗಿ ಶಾಲೆಯಿಂದ ಮನೆಗೆ ಬರಲ್ಲ, ನೋಡ್ಕೋ" ಎಂದಿದ್ದಾರೆ.

ಅಳತೆ ಕೊಡಲು ಬಂದಾಗ ನೀವು ಫೋನಿನಲ್ಲಿ ಯಾರಿಗೋ, "ಕೂಡಿಹಾಕೋದು, ಹೆದರಿಸೋದು ಎರಡೂ ಅಪರಾಧ ಕಣಮ್ಮ. ನಾನಿದೀನಿ" ಎಂದಿರಿ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಮೊದಲು ತಂಗಿಯನ್ನು ಕರೆದುಕೊಳ್ಳಿ. ನೀರಿನ ಟ್ಯಾಂಕಿನ ಪಕ್ಕದ ಶಾಲೆ, ಆರನೇ ತರಗತಿ. ಗುರುತಿಲ್ಲದವರ ಜೊತೆ ಬರುವವಳಲ್ಲ. "ಗುಬ್ಬಿ" ಎಂದು ಕರೆಯಿರಿ, ಹಾಗೆ ಕರೆಯುವವಳು ನಾನೊಬ್ಬಳೇ.

ಆಮೇಲೆ ಪೊಲೀಸರೊಂದಿಗೆ ಬನ್ನಿ. ಅವರು ಹೊರಗೇ ನಿಲ್ಲಲಿ. ನೀವು ಒಳಗೆ ಬಂದು, "ಇದೇನು, ಗುಬ್ಬಿಗೆ ಹೊಲಿದ ತೋಳಾ?" ಎಂದು ಬೈಯಿರಿ. ಅವಳು ನಿಮ್ಮ ಬಳಿ ಇದ್ದಾಳೆಂದು ಆಗ ತಿಳಿದುಕೊಂಡು ಬಾಗಿಲು ಬಡಿಯುತ್ತೇನೆ. ಅಲ್ಲಿಯವರೆಗೆ ತುಟಿ ಬಿಚ್ಚುವುದಿಲ್ಲ.

ತೋಳಿನ ಬಟ್ಟೆ ಕತ್ತರಿಸಿಲ್ಲ, ಒಳಗೆ ಮಡಿಚಿಟ್ಟಿದ್ದೇನೆ. ಹೊರಗೆ ಬಂದ ದಿನವೇ ಸರಿಮಾಡಿಕೊಡುತ್ತೇನೆ.

ಇಲ್ಲಿ ಮೆಷಿನ್ನಿನ ಸದ್ದು ಹೆಚ್ಚು. ದಯವಿಟ್ಟು ಜೋರಾಗಿ ಬೈಯಿರಿ.

ಇಂತಿ,
ನಿಮ್ಮ ಕೋಟು ಕೆಡಿಸಿದವಳು