ತಿಮ್ಮಪ್ಪಜ್ಜ ಪೇಪರ್ ಓದಿದ್ದು

ನವೆಂಬರ್ 4, ಸಂಜೆ

ಇವತ್ತು ಸೆಂಟರಿನಲ್ಲಿ ಬಿಪಿ ನೋಡಿದ್ದು ಹದಿನಾಲ್ಕು ಜನಕ್ಕೆ, ಶುಗರ್ ಒಂಬತ್ತು. ಕೊನೆಗೆ ತಿಮ್ಮಪ್ಪಜ್ಜ. ಕಣ್ಣಿನ ಆಪರೇಷನ್ ಮೂರನೇ ಸಲವೂ ಬೇಡ ಎಂದರು. ಎರಡೂ ಕಣ್ಣಿನ ಪೊರೆ ಬಲಿತಿದೆ. ಇನ್ನೂ ಬಿಟ್ಟರೆ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು ಎಂದು ಕಡೂರಿನ ಕಣ್ಣಿನ ಡಾಕ್ಟರ್ ಹೇಳಿದ್ದಾರೆ. ಫೋಟೊ ತೋರಿಸಿದೆ, ವಿಡಿಯೊ ತೋರಿಸಿದೆ...

"ನನ್ ಕಣ್ಗೇನಾಗೈತೆ? ದಿನಾ ಪೇಪರ್ ಓದ್ತೀನಿ. ಡೇರಿ ತಾವ ಬಂದು ಕೇಳು."

ನಾಳೆ, ನಾಡಿದ್ದು ತರೀಕೆರೆಯಲ್ಲಿ ನಮ್ಮ ನರ್ಸ್‌ಗಳಿಗೆಲ್ಲ ಟ್ರೈನಿಂಗ್. ಎನ್‌ಎಲ್‌ಪಿ ಅಂತೆ. ಜನರ ಜೊತೆ ಮಾತಾಡುವುದು ಹೇಗೆ ಅಂತ. ನನಗೆ ಬೇಕಾದದ್ದೇ.

ನವೆಂಬರ್ 6, ವಾಪಸ್ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಇರಲಿ, ಮರೆಯುವ ಮೊದಲು ಬರೆಯಬೇಕು.

ಟ್ರೈನರ್ ಓಂಕಾರಮೂರ್ತಿ ಸರ್. ಎದುರಿನವರು ಕೂತಂತೆ ಕೂರಿ, ಅವರ ಉಸಿರಿನ ವೇಗಕ್ಕೆ ನಿಮ್ಮ ಮಾತು ಹೊಂದಿಸಿ. ಅದು ಮಿರರಿಂಗ್. ಕೆಲವರದು ಕಣ್ಣಿನ ಮಾತು, ಕೆಲವರದು ಕಿವಿಯ ಮಾತು. ಅವರ ಪದಗಳಲ್ಲೇ ಅವರಿಗೆ ಹೇಳಿ. ನಾಚಿಕೆಯ ಸಂಗತಿಯನ್ನು ಬೇರೆ ಕಡೆಯಿಂದ ನೋಡಿ ತೋರಿಸಿದರೆ ರೀಫ್ರೇಮಿಂಗ್. ಇದೆಲ್ಲ ನಿಜಕ್ಕೂ ವಿಜ್ಞಾನವೋ, ಅನುಮಾನವೇ. ಆದರೂ ಅಜ್ಜಂಪುರದ ನರ್ಸ್ ಭವ್ಯ, ನಾನು ಜೋಡಿಯಾಗಿ ಗಲ್ಲಕ್ಕೆ ಕೈ ಕೊಟ್ಟು ಕೂತು ನಕ್ಕಿದ್ದೇ ನಕ್ಕಿದ್ದು. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ನವೆಂಬರ್ 8

ಅಜ್ಜನ ಮನೆಗೆ ಹೋದೆ. ಅವರು ಕೆಮ್ಮಿದರು, ನಾನೂ ಸಣ್ಣಗೆ ಕೆಮ್ಮಿದೆ. ಅವರು ಉಸ್ ಎಂದರು, ನಾನೂ.

"ಯಾಕವ್ವಾ, ನನ್ನ ಅಣಕಿಸ್ತಿದೀಯಾ?"

ಒಳಗೆ ಅವರ ಹೆಂಡತಿ ಕಮಲಾಕ್ಷಮ್ಮ ಕಿಸಕ್ಕೆಂದರು. ಮಿರರಿಂಗ್ ಅಲ್ಲಿಗೆ ಮುಗಿಯಿತು.

ಒಂದು ಗಮನಿಸಿದೆ. "ಆಪರೇಷನ್ ಅನ್ನೋ ಸದ್ದೇ ಬ್ಯಾಡ." "ನಿನ್ ಮಾತು ಕಿವಿಗೆ ಹಿಡಿಸ್ಲಿಲ್ಲ." ಪೂರ್ತಿ ಕಿವಿಯ ಮನುಷ್ಯ. ಅವರಿಗೆ ಫೋಟೊ ಹಿಡಿದುಕೊಂಡು ತಿರುಗಿದೆನಲ್ಲ, ನನಗೆ ಬುದ್ಧಿಯಿಲ್ಲ.

ನವೆಂಬರ್ 11, ಬೆಳಿಗ್ಗೆ

ಕರೆದ ಮೇಲೆ ಹೋಗದಿದ್ದರೆ ಹೇಗೆ. ಡೇರಿಗೆ ಹೋದೆ. ಹಾಲು ಹಾಕಿ ಬಂದ ಮುದುಕರೆಲ್ಲ ಜಗಲಿಯ ಮೇಲೆ. ನಡುವೆ ಅಜ್ಜ, ಕನ್ನಡಕ ಏರಿಸಿ, ಗಂಭೀರ ದನಿಯಲ್ಲಿ, "ಭದ್ರಾ ಡ್ಯಾಮಿನ ನೀರಿನ ಮಟ್ಟ..."

ಪಕ್ಕದಲ್ಲೇ ಕೂತಿದ್ದೆ. ಅವರ ಮುಂದಿದ್ದ ಪುಟದ ತುಂಬ ರೇಷ್ಮೆ ಸೀರೆಯ ಜಾಹೀರಾತು. ನೀರಿನ ಸುದ್ದಿ ಎಲ್ಲೂ ಇಲ್ಲ.

ಅದು ನಾನೂ ಕೇಳಿದ್ದ ಬೆಳಗಿನ ರೇಡಿಯೊ ವಾರ್ತೆ. ಅದನ್ನೇ ಪದ ಬಿಡದೆ ಒಪ್ಪಿಸುತ್ತಿದ್ದರು.

ಯಾರಿಗೂ ಹೇಳಲಿಲ್ಲ. ಹೇಳುವುದೂ ಇಲ್ಲ.

ನವೆಂಬರ್ 12

ಇವತ್ತು ಅಜ್ಜನ ಮನೆಯಲ್ಲಿ ಟೆಕ್ನಿಕ್ ಒಂದೂ ನೆನಪಾಗಲಿಲ್ಲ. ಮೆಲ್ಲಗೆ ಹೇಳಿದೆ, "ಅಜ್ಜ, ಭದ್ರಾ ಡ್ಯಾಮಿನ ಸುದ್ದಿ ಚೆನ್ನಾಗಿ ಓದಿದ್ರಿ. ಆದ್ರೆ ಆ ಪುಟದಲ್ಲಿ ಇದ್ದಿದ್ದು ಬರೀ ಸೀರೆ."

ಅಜ್ಜ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

"ನಾಕು ವರ್ಷ ಆಯ್ತು," ಎಂದರು. "ಮೊದ್ಲು ಓದ್ತಿದ್ದೆ ಕಣವ್ವಾ. ಆಮೇಲೆ ಮಂಜಾಯ್ತು. ನಿಲ್ಸಿದ್ರೆ ಯಾರು ನನ್ ತಾವ ಕೂರ್ತಾರೆ? ಈಗ ಆಪರೇಷನ್ ಅಂದ್ರೆ, ಇಷ್ಟು ದಿನ ಓದಿದ್ದೇನೋ ಅಂತಾರೆ."

ಚಾಕುವಿನ ಹೆದರಿಕೆ ಅಂದುಕೊಂಡಿದ್ದೆ ನಾನು. ಈ ಊರಿಗೆ ಬಂದ ಎರಡು ವರ್ಷದಲ್ಲಿ ಒಮ್ಮೆಯೂ ಯಾಕೆ ಬೇಡ ಎಂದು ಕೇಳಿರಲಿಲ್ಲ.

"ಒಂದ್ಸಲ ಕೇಳಿ ಅಷ್ಟೂ ವಾರ್ತೆ ತಪ್ಪಿಲ್ಲದೆ ಹೇಳ್ತೀರಲ್ಲ ಅಜ್ಜ, ಕಣ್ಣಿರೋ ನಮ್ಮ ಕೈಲಾಗಲ್ಲ ಅದು. ಜನ ಬರೋದು ನಿಮ್ಮ ದನಿ ಕೇಳೋಕೆ."

ಒಳಗಿಂದ ಕಮಲಾಕ್ಷಮ್ಮ, "ದಿನಾ ಪೇಪರು ತಲೆಕೆಳಗಾಗ್ದಂಗೆ ಮಡಿಸಿ ಕೈಗೆ ಕೊಡ್ತಿದ್ದೋಳು ಯಾರು ಅಂದ್ಕಂಡಿದ್ರಿ?"

ಅಜ್ಜ ಬೆಪ್ಪಾದರು. ಆಮೇಲೆ ನಗತೊಡಗಿದರು. ಮೂವರೂ ನಕ್ಕೆವು. ಕಣ್ಣೀರು ಬರುವಷ್ಟು.

"ಬರೆದ್ಕೋ ನನ್ ಹೆಸ್ರು."

ನವೆಂಬರ್ 20, ಕಡೂರು ಆಸ್ಪತ್ರೆ

ನಿನ್ನೆ ಬಲಗಣ್ಣು ಆಯಿತು. ಇವತ್ತು ಪಟ್ಟಿ ಬಿಚ್ಚಿದರು. ಅಜ್ಜ ಮೊದಲು ಡಾಕ್ಟರ ಬೆರಳು ಎಣಿಸಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ನೋಡುತ್ತಲೇ ಇದ್ದರು.

"ನಿನ್ ಕೂದ್ಲು ಯಾವಾಗ ಇಷ್ಟೊಂದು ನರೆತೋಯ್ತೇ?"

"ನಿಮ್ದೇನ್ ಕರ್ರಗೈತಾ?"

ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಡ್ಯೂಟಿಯಲ್ಲಿ ಅಳಬಾರದು.

ಡಿಸೆಂಬರ್ 22

ತಿಂಗಳು ಕಳೆಯಿತು, ಹೊಸ ಕನ್ನಡಕವೂ ಬಂತು. ಅಜ್ಜ ಡೇರಿಯಲ್ಲಿ ನಿಜವಾಗಿ ಪೇಪರ್ ಓದಿದರು. ಅಭ್ಯಾಸ ತಪ್ಪಿ ನಾಕು ವರ್ಷ. ಅಕ್ಷರ ಅಕ್ಷರ ಕೂಡಿಸಿ, ತಡವರಿಸಿ...

ಪಕ್ಕದಲ್ಲಿ ಕೂತಿದ್ದ ಬೆನಕಪ್ಪ ಕೇಳಿಯೇಬಿಟ್ಟರು. "ಏನೋ ತಿಮ್ಮಪ್ಪ, ಆಪರೇಷನ್ ಆದ್ಮೇಲೆ ಓದಾದು ಮರ್ತೋಯ್ತಾ?"

ಅಜ್ಜ ಪೇಪರ್ ಮಡಿಸಿದರು. ಅವರು ಎಲ್ಲವನ್ನೂ ಹೇಳಿಬಿಟ್ಟರು. ರೇಡಿಯೊ, ಸೀರೆ, ಎಲ್ಲ.

ಯಾರೂ ನಗಲಿಲ್ಲ. ಬೆನಕಪ್ಪ ತಲೆ ಕೆರೆದುಕೊಂಡು, "ನಂಗೂ ಎಡಗಣ್ಣು ಮಂಜೇ ಕಣೋ. ಎರಡು ವರ್ಷಾತು. ಮನೇಲೂ ಹೇಳಿಲ್ಲ," ಎಂದರು. ಅವರಾಚೆ ಕೂತಿದ್ದ ಲಕ್ಷ್ಮಣಪ್ಪನವರು, "ನಂಗೂ..."

ಡಿಸೆಂಬರ್ 23, ಬೆಳಿಗ್ಗೆ 9.20

ಸೆಂಟರಿನ ಬಾಗಿಲಲ್ಲಿ ಐದು ಜೊತೆ ಚಪ್ಪಲಿ. ಮುಂದಾಳು ತಿಮ್ಮಪ್ಪಜ್ಜ. ನನ್ನ ಮೇಜಿಗೇ ಕೇಳುತ್ತಿದೆ. "ನೋವಿಲ್ಲ ಕಣ್ರೋ. ಮಿಷನ್ನು ಜೀರುಂಡೆ ಥರ ಗುಂಯ್ ಅಂತೈತೆ, ಕೇಳ್ತಾ ಮಲಗಾದು, ಅಷ್ಟೇ." ಇಷ್ಟು ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಯಾರು ಮೊದಲು ಎಂದು ಜಗಳ ಬೇರೆ. ಬೆನಕಪ್ಪನವರು ತಾನೇ ಅಂತಾರೆ, ಲಕ್ಷ್ಮಣಪ್ಪನವರು ಆಗಲೇ ನನ್ನೆದುರು ಕುರ್ಚಿ ಎಳೆದು ಕೂತಾಯಿತು. ಪೆನ್ನು ಇಡಬೇಕು.