ಎರಡು ಬ್ರೇಕಿನ ನಿದ್ದೆ

ದಿನಕ್ಕೆ ನೂರು ಸಲ ಮೇಲೇರಿ, ನೂರು ಸಲ ಕೆಳಗಿಳಿದು, ಸಂಜೆ ಹೊರಟಲ್ಲಿಗೇ ಬಂದು ನಿಲ್ಲುವ ನನ್ನ ಭಾವನವರಿಗೆ,

ಬಾಮೈದನ ನಮಸ್ಕಾರಗಳು.

ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಮೂವತ್ತು ವರ್ಷ ಊರ ಜನರನ್ನೆಲ್ಲ ಎತ್ತಿದವರಿಗೆ ಒಂದು ಫೋನು ಭಾರವಾಯಿತು ಅಂದರೆ ಯಾರು ನಂಬುತ್ತಾರೆ? ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ನಿಂತು "ಮಲಗಿದ್ದಾರೆ" ಅನ್ನುತ್ತಾಳೆ. ಮಲಗಿದ್ದೀರಿ, ನಿದ್ದೆ ಮಾಡುತ್ತಿಲ್ಲ; ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಈ ಪತ್ರ. ಬೆಳಗ್ಗೆ ಎಂಟಕ್ಕೆ ಅಕ್ಕ ಇದನ್ನು ನಿಮ್ಮ ಕೈಗಿಡುತ್ತಾಳೆ. ಹತ್ತೂವರೆಗೆ ನಿಮ್ಮ ವೈದ್ಯೆಯ ಬಳಿ ಸಮಯ ಗೊತ್ತುಮಾಡಿದ್ದೇನೆ. ನಡುವಿನ ಎರಡೂವರೆ ಗಂಟೆಯಲ್ಲಿ ಇದನ್ನು ಓದುವುದು, ಸ್ನಾನ ಮಾಡುವುದು, ನನ್ನನ್ನು ಬೈಯುವುದು ಮೂರೂ ಸಾವಕಾಶವಾಗಿ ಮುಗಿಯುತ್ತವೆ.

ಬೈಯುವುದಕ್ಕೆ ಬೇಕಾದ ಸಾಮಗ್ರಿ ನಾನೇ ಒದಗಿಸುತ್ತೇನೆ. ಆ ಬೇರಿನ ಬಾಟಲಿ ತಂದುಕೊಟ್ಟವನು ನಾನು.

ನಾಲ್ಕು ತಿಂಗಳ ಹಿಂದೆ ನಿಮಗೆ ಬಡ್ತಿ ಸಿಕ್ಕಿತು. ಲಿಫ್ಟ್ ರಿಪೇರಿ ಮಾಡುತ್ತಿದ್ದವರು ಲಿಫ್ಟ್ ತಪಾಸಣೆ ಮಾಡಿ ಸಹಿ ಹಾಕುವವರಾದಿರಿ. ನಾವೆಲ್ಲ ಸಿಹಿ ಹಂಚಿದೆವು, ನಿಮಗೆ ಸಹಿಯೇ ಕಹಿಯಾಯಿತು. "ಮೇಷ್ಟ್ರೇ, ನಲವತ್ತೆರಡು ಕಟ್ಟಡ ನನ್ನ ಸಹಿ ಮೇಲೆ ನೇತಾಡ್ತಿವೆ. ಕಣ್ಣು ಮುಚ್ಚಿದ್ರೆ ಒಂದೊಂದೇ ಲಿಫ್ಟ್ ಹತ್ತಿ ಇಳಿದು ನೋಡ್ಕೊಂಡು ಬರ್ತೀನಿ, ಅಷ್ಟರಲ್ಲಿ ಬೆಳಕು ಹರಿಯುತ್ತೆ" ಅಂದಿರಿ. ನಗುತ್ತಲೇ ಅಂದಿರಿ. ಆದರೆ ಲೋಟದ ಕಾಫಿಯನ್ನು ಕುಡಿಯದೆ ಆರಿಸಿ ಹಾಗೇ ಕೆಳಗಿಟ್ಟಿರಿ. ಭಾವನಿಗೆ ಭಾವನೆಗಳೂ ಇವೆ ಎಂಬುದು ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ನನ್ನ ಗಮನಕ್ಕೆ ಬಂತು.

ಮಾರನೇ ದಿನವೇ ಗಿಡಮೂಲಿಕೆ ಅಂಗಡಿಗೆ ಹೋಗಿ, ನಿದ್ದೆ ಬರಿಸುತ್ತದೆ ಅನ್ನುವ ವಲೇರಿಯನ್ ಗಿಡದ ಬೇರಿನ ರಸ ತಂದೆ. ಮುಚ್ಚಳ ತೆಗೆದರೆ ವಾರಗಟ್ಟಲೆ ಬೂಟಿನೊಳಗೇ ಸಂಸಾರ ಹೂಡಿದ ಕಾಲುಚೀಲದ ವಾಸನೆ. ನೀವು ಮೂಗು ಮುಚ್ಚಿಕೊಂಡು "ಇದನ್ನ ಕುಡಿದ್ರೆ ನಿದ್ದೆ ಬರುತ್ತಾ, ಪ್ರಜ್ಞೆ ತಪ್ಪುತ್ತಾ?" ಅಂತ ಕೇಳಿದಿರಿ. ನಾನು ಸರ್ವಜ್ಞನ ಹಾಗೆ "ಬೇರು ಕಣ್ರೀ ಭಾವ, ಔಷಧಿ ಅಲ್ಲ. ಏನೂ ಆಗಲ್ಲ" ಅಂದೆ.

ಆ "ಏನೂ ಆಗಲ್ಲ" ಅನ್ನುವ ಮಾತನ್ನು ಈ ಮೂರು ದಿನದಲ್ಲಿ ನೂರು ಸಲ ನುಂಗಿದ್ದೇನೆ. ಬೇರಿಗಿಂತ ಕಹಿ.

ನನಗೆ ಕಾಲೇಜು ಸೇರುವ ವಯಸ್ಸಾದಾಗ ಅಪ್ಪ ಇರಲಿಲ್ಲ. ಅರ್ಜಿಯಲ್ಲಿ ಪೋಷಕರ ಸಹಿ ಎಂಬ ಜಾಗದಲ್ಲಿ ನೀವು ಸಹಿ ಹಾಕಿದಿರಿ. ಹಾಕುವ ಮುಂಚೆ, ಗ್ರೀಸು ಅಂಟಿದ ಬೆರಳನ್ನು ಸಾಲಿನ ಕೆಳಗೆ ಸರಿಸುತ್ತ, ಹಿಂಬದಿಯ ಸಣ್ಣಕ್ಷರವನ್ನೂ ಬಿಡದೆ, ಅಷ್ಟನ್ನೂ ಮೂರು ಸಲ ಓದಿದಿರಿ. ಗುಮಾಸ್ತ ಗಡಿಯಾರ ನೋಡಿದರೂ ಬಿಡಲಿಲ್ಲ. ಹೀಗೆ ಓದಿಸಿಕೊಂಡು ಕಾಲೇಜು ಸೇರಿದವನು ಅದೇ ಕಾಲೇಜಿನಲ್ಲಿ ಛಂದಸ್ಸು ಕಲಿಸುತ್ತ, ಪದ್ಯದ ಮಾತ್ರೆ ಎಣಿಸುತ್ತ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಆ ಬಾಟಲಿಯ ಚೀಟಿಯನ್ನು ಮಾತ್ರ ಒಂದು ಸಲವೂ ಓದಲಿಲ್ಲ. ನಿನ್ನೆ ಓದಿದೆ. ಬೇರೆ ನಿದ್ದೆ ಮಾತ್ರೆಯ ಜೊತೆ ಬೇಡ, ಮದ್ಯದ ಜೊತೆ ಬೇಡ, ತೆಗೆದುಕೊಂಡ ಮೇಲೆ ಗಾಡಿ ಓಡಿಸುವುದು, ಯಂತ್ರದ ಕೆಲಸ ಮಾಡುವುದು ಬೇಡ. ಇಷ್ಟನ್ನೂ ಅಚ್ಚುಕಟ್ಟಾಗಿ ಅಚ್ಚು ಹಾಕಿದ್ದಾರೆ. ಮೇಷ್ಟ್ರಿಗೆ ಕಂಡಿದ್ದು ಬಾಟಲಿಯ ಮೇಲಿನ ಹಸಿರು ಎಲೆಯ ಚಿತ್ರ ಮಾತ್ರ.

ಇನ್ನು ನಿಮ್ಮ ಪಾಲಿಗೆ ಬರೋಣ. ಎಲ್ಲ ತಪ್ಪನ್ನೂ ನಾನೇ ಇಟ್ಟುಕೊಂಡರೆ ಜಿಪುಣ ಅನ್ನುತ್ತೀರಿ.

ಬೇರಿನ ರಸ ಕುಡಿದು ಎರಡು ವಾರವಾದರೂ ನಿದ್ದೆ ಸರಿಹೋಗದೆ ನೀವು ಯಾರಿಗೂ ಹೇಳದೆ ವೈದ್ಯೆಯ ಹತ್ತಿರ ಹೋದಿರಿ. ಒಳ್ಳೆಯ ಕೆಲಸ. ಅವರು ಸಣ್ಣದೊಂದು ಮಾತ್ರೆ ಬರೆದುಕೊಟ್ಟರು. ಅದೂ ಒಳ್ಳೆಯದೇ. ಆಮೇಲೆ ಲಿಫ್ಟಿನವರಲ್ಲದೆ ಇನ್ಯಾರೂ ಮಾಡಲಾರದ ಕೆಲಸ ಮಾಡಿದಿರಿ. ಮಾತ್ರೆ ಶುರುಮಾಡಿದಿರಿ, ರಸವನ್ನು ಬಿಡಲಿಲ್ಲ. ಅಕ್ಕ ನೋಡಿ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ಅವಳು ನನಗೆ ಅಕ್ಷರಶಃ ಒಪ್ಪಿಸಿದ್ದಾಳೆ: "ಒಂದೇ ಬ್ರೇಕ್ ನಂಬಿ ಯಾರಾದ್ರೂ ಲಿಫ್ಟ್ ಬಿಡ್ತಾರೇನೇ? ಒಂದು ಕೈಕೊಟ್ರೆ ಇನ್ನೊಂದು ಹಿಡಿಯುತ್ತೆ."

ಭಾವ, ನಿಮ್ಮಿಂದಲೇ ಕಲಿತ ವಿದ್ಯೆಯನ್ನು ನಿಮಗೇ ಒಪ್ಪಿಸುತ್ತೇನೆ, ತಪ್ಪಿದ್ದರೆ ಕಿವಿ ಹಿಂಡಿ. ಲಿಫ್ಟಿನ ಎರಡನೇ ಬ್ರೇಕು ಸುಮ್ಮನೆ ಕಾಯುತ್ತದೆ. ಲಿಫ್ಟು ಅಂಕೆ ಮೀರಿ ಓಡಿದಾಗ ಮಾತ್ರ ಹಲ್ಲು ಕಚ್ಚಿ ಕಂಬಿ ಹಿಡಿಯುತ್ತದೆ. ಹಾಗೆ ಹಿಡಿದದ್ದನ್ನು ಬಿಡಿಸುವುದಕ್ಕೆ ಬಲ್ಲವರೇ ಬರಬೇಕು. ಎರಡನ್ನೂ ಪ್ರತಿ ದಿನ ಒಟ್ಟಿಗೆ ಒತ್ತಿಟ್ಟರೆ ಆ ಲಿಫ್ಟು ಭದ್ರವಾಗಿದೆ ಅನ್ನುವುದಿಲ್ಲ, ಕೆಟ್ಟು ನಿಂತಿದೆ ಅನ್ನುತ್ತಾರೆ. ನಿಮ್ಮ ತಲೆಯಲ್ಲಿ ಆದದ್ದು ಅದೇ. ಎಂಟು ಗಂಟೆ ಮಲಗಿ ಎದ್ದರೂ ಬ್ರೇಕು ಬಿಟ್ಟಿರಲಿಲ್ಲ. ಅಕ್ಕ ಹೇಳುತ್ತಾಳೆ, ಆ ಮಂಗಳವಾರ ನೀವು ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡು ಹೋದಿರಂತೆ. ಕರೆದು ಹೇಳಿದರೆ ತಿರುಗಿ ನೋಡಿ, "ಹ್ಞೂಂ" ಅಂದು ಹಾಗೇ ಮೆಟ್ಟಿಲಿಳಿದಿರಂತೆ.

ಆ ಮಂಗಳವಾರದ್ದನ್ನೂ ಬರೆದುಬಿಡುತ್ತೇನೆ. ಅದನ್ನು ಮುಚ್ಚಿಟ್ಟುಕೊಂಡೇ ನೀವು ಮುದುಡುತ್ತಿದ್ದೀರಿ. ಹನ್ನೊಂದು ಮಹಡಿಯ ಆಫೀಸು ಕಟ್ಟಡ. ನಿಮ್ಮ ಜೊತೆಗಾರರು, ನೀವೆಲ್ಲ ಗಿಡ್ಡಣ್ಣ ಅನ್ನುವವರು, ಲಿಫ್ಟು ಇಳಿದು ನಿಲ್ಲುವ ಜಾಗಕ್ಕೂ ಕೆಳಗಿರುವ ತಳದ ಗುಂಡಿಯಲ್ಲಿದ್ದರು. ನೀವು ಮೇಲೆ ಯಂತ್ರದ ಕೋಣೆಯಲ್ಲಿದ್ದಿರಿ. ಗುಂಡಿಯಲ್ಲಿ ಮನುಷ್ಯ ಇದ್ದಾಗ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸುವುದು ನಿಮ್ಮ ಮೂವತ್ತು ವರ್ಷದ ವ್ರತ. ಅವತ್ತು ಬೀಗ ಕೈಯಲ್ಲೇ ಇತ್ತು, ಸ್ವಿಚ್ಚು ಮೇಲೆತ್ತಿ ಕರೆಂಟು ಕೊಟ್ಟುಬಿಟ್ಟಿರಿ. ಲಿಫ್ಟು ಅಲುಗಲಿಲ್ಲ. ಗಿಡ್ಡಣ್ಣ ಇಳಿದ ಕೂಡಲೇ ಅಲ್ಲಿರುವ, ಲಿಫ್ಟು ತಡೆಯುವ ಸ್ಟಾಪ್ ಬಟನ್ನನ್ನು ಒತ್ತಿಟ್ಟಿದ್ದರು, ಅದಕ್ಕೆ. ನೀವು ಹನ್ನೊಂದು ಮಹಡಿಯನ್ನೂ ಮೆಟ್ಟಿಲಲ್ಲೇ ಇಳಿದು ಬಂದು, ಬೀಗ ಹಿಡಿದುಕೊಂಡೇ ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ಟಿರಂತೆ.

ಮನೆಗೆ ಬಂದು ಮಾತ್ರೆ, ರಸ ಎರಡನ್ನೂ ಕಸದ ಬುಟ್ಟಿಗೆ ಹಾಕಿದಿರಿ. ರಾಜೀನಾಮೆ ಬರೆದು, ಆಫೀಸಿಗೆ ಕೊಟ್ಟು ಬಾ ಎಂದು ಅಕ್ಕನ ಕೈಗಿಟ್ಟಿರಿ. ಅವತ್ತಿನಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. "ನನ್ನ ಮನಸ್ಸೇ ಹೊಲಸು, ಅದಕ್ಕೆ ಈ ಶಿಕ್ಷೆ" ಅಂತ ಅಕ್ಕನ ಹತ್ತಿರ ಅಂದಿರಂತೆ.

ಶಿಕ್ಷೆಯೂ ಅಲ್ಲ, ಗಿಕ್ಷೆಯೂ ಅಲ್ಲ. ನಿನ್ನೆ ಸಂಜೆ ಮೂಲೆಯ ಔಷಧಂಗಡಿಗೆ ಹೋಗಿದ್ದೆ. ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಆ ದೊಡ್ಡಮ್ಮ ಗೊತ್ತಲ್ಲ, ನೆಗಡಿಗೆ ಮಾತ್ರೆ ಕೇಳಿದರೂ ವಂಶವೃಕ್ಷ ವಿಚಾರಿಸುವವರು. ಎಲ್ಲ ಹೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನೇ ದಿಟ್ಟಿಸಿದರು. "ದಿನಾ ತಗೊಳ್ತಿದ್ದ ನಿದ್ದೆ ಮಾತ್ರೆನ ಒಂದೇ ಏಟಿಗೆ ಬಿಟ್ರೆ ಮೈ ಹೀಗೇ ಮುನಿಸ್ಕೊಳ್ಳುತ್ತೆ. ಬಿಡೋದಾದ್ರೂ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಈಗಲೇ ಫೋನ್ ಮಾಡಿ, ಇಲ್ಲೇ ನನ್ನೆದುರಿಗೆ ಮಾಡಿ" ಅಂದರು. ಮಾಡಿದೆ. ಇವತ್ತಿನ ಹತ್ತೂವರೆ ಸಿಕ್ಕಿದ್ದು ಹಾಗೆ. ಎದೆ ಬಡಿತ ಹೆಚ್ಚಾದರೆ, ಮೈ ನಡುಗಿದರೆ, ಮಾತು ತಪ್ಪಿದರೆ ಹತ್ತೂವರೆ ಕಾಯದೆ ತುರ್ತು ವಿಭಾಗಕ್ಕೇ ಕರೆತನ್ನಿ ಎಂದು ವೈದ್ಯೆ ಹೇಳಿದ್ದಾರೆ. ಅದಕ್ಕೇ ಅಕ್ಕ ನಿಮ್ಮ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದು, ನೀವು ಓಡಿಹೋಗುತ್ತೀರಿ ಅಂತಲ್ಲ.

ಬೇರು ಅಷ್ಟು ಕೆಟ್ಟದ್ದೇ ಎಂದು ದೊಡ್ಡಮ್ಮನನ್ನು ಕೇಳಿದೆ. ನಕ್ಕರು. "ಬೇರು ಪಾಪ, ಅದರ ಪಾಡಿಗೆ ಅದು. ಕೆಲವರಿಗೆ ಕೊಂಚ ಹಿಡಿಸುತ್ತೆ, ಕೆಲವರಿಗೆ ಇಲ್ಲ. ಆದ್ರೆ ಕೆಲಸ ಮಾಡೋದು ಯಾವುದೇ ಆಗ್ಲಿ ಔಷಧಿನೇ. ತಗೊಂಡ್ರೆ ಒಂದನ್ನೇ ತಗೋಬೇಕು, ಕಮ್ಮಿ ತಗೋಬೇಕು, ಕೆಲವು ವಾರ ನೋಡಿ ನಿಲ್ಲಿಸ್ಬೇಕು. ಮರುದಿನ ತಲೆ ಎಷ್ಟು ಹಗುರ ಇದೆ ಅಂತ ಮೊದಲು ರಜಾದಿನ ನೋಡ್ಕೋಬೇಕು. ಬೇರೆ ಮಾತ್ರೆ ಇದ್ದೋರು, ಲಿವರ್ ತೊಂದ್ರೆ ಇದ್ದೋರು, ಆಪರೇಷನ್ ಗೊತ್ತಾಗಿರೋರು, ಬಸುರಿಯರು ಕೇಳದೆ ಮುಟ್ಟಬಾರದು" ಅಂದರು. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ಪದ್ಯ ಕುಂಟುತ್ತದೆ, ಇಲ್ಲಿ ಹೆಚ್ಚಾದರೆ ಮನುಷ್ಯನೇ ಕುಂಟುತ್ತಾನೆ ಎಂಬುದು ನನಗೆ ನಲವತ್ತು ದಾಟಿದ ಮೇಲೆ ತಿಳಿಯಿತು.

ಕಸದ ಬುಟ್ಟಿಯಿಂದ ಎರಡನ್ನೂ ಅಕ್ಕ ಎತ್ತಿಟ್ಟಿದ್ದಾಳೆ, ಕುಡಿಯುವುದಕ್ಕಲ್ಲ, ವೈದ್ಯೆಗೆ ತೋರಿಸುವುದಕ್ಕೆ. ಎಷ್ಟು ಹನಿ, ಎಷ್ಟು ಮಾತ್ರೆ, ಯಾವ ಹೊತ್ತಿಗೆ, ಯಾವತ್ತಿನಿಂದ ಎಂದು ಅವಳಿಗೆ ನೆನಪಿದ್ದಷ್ಟನ್ನು ಬರೆಸಿಕೊಂಡಿದ್ದೇನೆ. ಬಿಟ್ಟುಹೋದದ್ದನ್ನು ನೀವು ತುಂಬಿ. ರಾಜೀನಾಮೆಯನ್ನೂ ಅವಳು ತಲುಪಿಸಿಲ್ಲ. ಕೇಳಿದ್ದಕ್ಕೆ, "ನಿದ್ದೆಗೆಟ್ಟೋರು ಬರೆದ ಕಾಗದ, ನಿದ್ದೆ ಮಾಡಿದ ಮೇಲೆ ಅವರೇ ಓದಲಿ" ಅಂದಳು. ನಮ್ಮ ಮನೆಯಲ್ಲಿ ಓದಿದವನು ನಾನು, ಬುದ್ಧಿವಂತೆ ಅವಳು. ಇದು ನಿಮಗೆ ಮದುವೆಯ ವಾರದಲ್ಲೇ ಗೊತ್ತಾಗಿತ್ತು.

ನಿನ್ನೆ ಗಿಡ್ಡಣ್ಣ ಕಾಲೇಜಿಗೇ ಹುಡುಕಿಕೊಂಡು ಬಂದಿದ್ದರು. ನನ್ನ ತರಗತಿ ಮುಗಿಯುವವರೆಗೆ ಹಿಂದಿನ ಬೆಂಚಿನಲ್ಲಿ ಕೂತು ಲಘು ಗುರು ಕೇಳಿದರು. ಆಮೇಲೆ ಹೇಳಿದ್ದು ಎರಡೇ ಮಾತು. "ನಡೆದಿದ್ದನ್ನ ಆಫೀಸಿಗೆ ನಾನೇ ತಿಳಿಸಿದೀನಿ, ಮುಚ್ಚಿಡೋ ವಿಷಯ ಅಲ್ಲ. ಡಾಕ್ಟರು ಸರಿ ಅನ್ನೋವರೆಗೂ ಅವರು ಯಂತ್ರ ಮುಟ್ಟೋದು ಬೇಡ, ಆದ್ರೆ ಅವರು ಬರೋವರೆಗೂ ನಾನು ಇನ್ನೊಬ್ಬರ ಕೆಳಗೆ ಗುಂಡಿಗೆ ಇಳಿಯಲ್ಲ." ಸಾಯುವ ಹತ್ತಿರ ಹೋಗಿ ಬಂದವರು ಹೇಳಿದ ಮಾತಿದು ಭಾವ. ನಲವತ್ತೆರಡು ಸಹಿಗಿಂತ ಇದು ದೊಡ್ಡ ಸರ್ಟಿಫಿಕೇಟು.

ಇನ್ನೊಂದೇ ವಿಷಯ. ಮೊದಲ ಸಲ ಹೋದಾಗ ವೈದ್ಯೆ, "ಬೇರೆ ಏನಾದ್ರೂ ತಗೊಳ್ತಿದ್ದೀರಾ?" ಅಂತ ಕೇಳಿದ್ದರಂತೆ. ನೀವು "ಇಲ್ಲ" ಅಂದಿರಿ. ಸುಳ್ಳು ಹೇಳುವ ಜಾತಿ ನಿಮ್ಮದಲ್ಲ. ಬೇರು ಔಷಧಿ ಅಲ್ಲ ಎಂದು ನಾನು ಹೇಳಿದ್ದನ್ನು ನಂಬಿ ಅಂದಿರಿ. ಇವತ್ತೂ ಅವರು ಅದನ್ನೇ ಕೇಳುತ್ತಾರೆ. ನೀವು "ಹೌದು" ಅನ್ನಿ ಸಾಕು. ಪಕ್ಕದ ಕುರ್ಚಿಯಲ್ಲಿ ನಾನಿರುತ್ತೇನೆ. ಯಾರು ಕೊಟ್ಟದ್ದು ಎಂದರೆ ಕೈ ಎತ್ತುತ್ತೇನೆ.

ಕಿರಿಯನಾದ ನಾನು ನಿಮ್ಮನ್ನು ಹರಸಬಾರದು. ಆದರೂ ಇದೊಂದು ಸಲ ಪೋಷಕರ ಜಾಗದಲ್ಲಿ ನನ್ನ ಸಹಿ ಇರಲಿ: ನಿಮಗೆ ನಿಮ್ಮದೇ ನಿದ್ದೆ ಬರಲಿ, ಎದ್ದ ಮೇಲೆ ಅದು ಪೂರ್ತಿ ಬಿಟ್ಟು ಹೋಗಲಿ.

ಹತ್ತು ಗಂಟೆಗೆ ಬಾಗಿಲು ತಟ್ಟಲಿರುವ,
ನಿಮ್ಮ ಮೇಷ್ಟ್ರು